ಬಿಫೋರ್ ಫೋಟೋದಾಗಿನ ನಮ್ಮತ್ತಿಗೆ

ನಮ್ಮತ್ತಿಗೆಗೆ ವಯಸ್ಸು 33, ಎತ್ತರ 5 ಅಡಿ 2 ಇಂಚು, ಈ ಕಥೆ ಶುರುವಾದಾಗ ತೂಕ 64 ಕೇಜಿ. ಇಷ್ಟೆಲ್ಲಾ ಅವ್ರನ್ನ ಕೇಳೇ ಬರೀತಿದೀನಿ, ಯಾಕಂದ್ರೆ ಈ ಇಡೀ ರಗಳೆ ಶುರುವಾಗಿದ್ದೇ ಯಾರೋ ಕೇಳದೇ ಇದ್ದಿದ್ದಕ್ಕೆ. "ಹೆಸರೊಂದು ಬಿಟ್ಟು ಏನ್ ಬೇಕಾದ್ರೂ ಬರಿ, ತೂಕಾನೂ ಬರಿ, ಅದು ಹೆಂಗೂ ಓಣಿಗೆಲ್ಲಾ ಗೊತ್ತಾಗೇತಿ" ಅಂದ್ರು. ಮನೇಲಿ 7ರಿಂದ 10ನೇ ಕ್ಲಾಸ್ ಮಕ್ಕಳಿಗೆ ಗಣಿತ ಟ್ಯೂಷನ್ ಹೇಳ್ತಾರೆ, ಇಬ್ರು ಮಕ್ಕಳು, ದೊಡ್ಡವಳು ನಾಲ್ಕನೇ ಕ್ಲಾಸು. ನಾನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಲ್ಲಿ ಚೆಕಿಂಗ್ ನೋಡ್ಕೋತೀನಿ, ಬೆಳಗ್ಗೆಯಿಂದ ಸಂಜೆತನಕ ಕೊರಳಲ್ಲಿ ಟೇಪು. ಈ ಟೇಪು ಮುಂದೆ ಕಥೆಗೆ ಬರ್ತದೆ.

ಸಂಕ್ರಾಂತಿ ಆದ್ಮೇಲೆ ನಮ್ಮ ಮನೆ ಹತ್ರ ಮೇನ್ ರೋಡಲ್ಲಿ ಒಂದು ಜಿಮ್ ಓಪನ್ ಆಯ್ತು. ಲೇಡೀಸ್ ಬ್ಯಾಚ್ ಬೇರೆ ಅಂತ ದೊಡ್ಡದಾಗಿ ಹಾಕಿದ್ರು, ಅದೊಂದು ಒಳ್ಳೇದೇ ಅನ್ನಿ, ನಮ್ಮ ಕಡೆ ಹೆಣ್ಮಕ್ಕಳಿಗೆ ಬೆವರು ಸುರಿಸಿ ಓಡಾಡಾಕೆ ಜಾಗ ಎಲ್ಲಿದೆ, ಬಿಸಿಲು ಬೇರೆ, ರೋಡಲ್ಲಿ ನಡೆದ್ರೆ ನೋಡೋ ಕಣ್ಣು ಬೇರೆ. ಎರಡು ಫ್ಲೆಕ್ಸ್ ಇತ್ತು, ಬಾಗಿಲಿಗೆ ಆ ಕಡೆ ಗಂಡಸರದ್ದು, ಈ ಕಡೆ ಹೆಂಗಸರದ್ದು. ಗಂಡಸರ ಫ್ಲೆಕ್ಸಲ್ಲಿ ಒಬ್ಬ ಹಲ್ಲು ಕಚ್ಚಿಕೊಂಡು ಕಬ್ಬಿಣ ಎತ್ತಾ ಇದ್ದ, ಕೆಳಗೆ "ಶಕ್ತಿ ತೋರ್ಸು" ಅಂತ. ಹೆಂಗಸರ ಫ್ಲೆಕ್ಸಲ್ಲಿ ಒಬ್ಬ ಫಾರಿನ್ ಹುಡುಗಿ, ಆಕೆ ಏನೂ ಎತ್ತಾ ಇರಲಿಲ್ಲ, ಸುಮ್ನೆ ದೊಡ್ಡ ಜಿಮ್ ಬಾಲ್ ಪಕ್ಕ ನಿಂತು ಸೊಂಟಕ್ಕೆ ಟೇಪ್ ಸುತ್ಕೊಂಡು ನಗ್ತಾ ಇದ್ಲು. ಟೇಪ್ ಹಿಡಿದ ರೀತಿ ನೋಡಿದ್ರೆ ನಮ್ಮ ಯೂನಿಟ್ಟಲ್ಲಿ ಒಂದಿನದ ಕೆಲಸನೂ ಸಿಗಲ್ಲ ಆಕೆಗೆ, ಹಿಂದೆ ಜೋತು ಬಿದ್ದಿತ್ತು. ಕೆಳಗೆ ಎರಡೇ ಸಾಲು: "21 ದಿನದಲ್ಲಿ 10 ಕೇಜಿ ಗ್ಯಾರಂಟಿ" ಮತ್ತೆ "ಮದುವೆಗೆ ಮುಂಚೆ ಇದ್ದ ನೀವು ಎಲ್ಲಿ ಹೋದ್ರಿ?"

ಆ ಎರಡನೇ ಸಾಲು ಇದೆಯಲ್ಲ, ಅದೇ ಕೆಲಸ ಮಾಡಿದ್ದು. 10 ಕೇಜಿ ಸುಳ್ಳು ಅಂತ ಅರ್ಧ ಜನಕ್ಕೆ ಗೊತ್ತಿರ್ತದೆ. ಆದ್ರೆ ಇಬ್ರು ಮಕ್ಕಳನ್ನ ಹೆತ್ತು, ಎರಡೂ ಸಿಸೇರಿಯನ್, ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗೋ ಹೆಂಗಸಿಗೆ ರೋಡಲ್ಲಿ ಯಾರೋ ನಿಂತು ನೀನು ಎಲ್ಲಿ ಹೋದೆ ಅಂತ ಕೇಳಿದ್ರೆ ಅದು ಬೈಗುಳಕ್ಕಿಂತ ಜಾಸ್ತಿ ನಾಟ್ತದೆ. ಇದ್ದಾರಲ್ಲ ಇಲ್ಲೇ, ಎಲ್ಲಿಗೂ ಹೋಗಿಲ್ಲ!

ಅತ್ತಿಗೆ ಸೇರಿದ್ದಕ್ಕೆ ಬೇರೆ ಕಾರಣಾನೂ ಇತ್ತು. ಅವ್ರ ತವರು ಸಂಡೂರು, ಅಲ್ಲಿ ತಮ್ಮನ ಮದುವೆ ಆಯ್ತು, ಆಲ್ಬಂ ಬಂತು, ಆಲ್ಬಂ ನೋಡಿ ಎರಡು ದಿನ ಮಾತಾಡ್ಲಿಲ್ಲ. ನಮ್ಮಣ್ಣ ಬೇರೆ ಅಡುಗೆಮನೇಲಿ ಅಡ್ಡ ನಿಂತ್ರೆ "ಸೈಡ್ ಕೊಡ್ರಿ, ಲೋಡ್ ಲಾರಿ ಬಂತು" ಅಂತಿದ್ದ, ಅವನಿಗೆ ಅದು ತಮಾಷೆ. ಜೊತೆಗೆ ಸುಸ್ತು, ಮಾಳಿಗೆ ಮೆಟ್ಟಿಲು ಹತ್ತಿದ್ರೆ ಏದುಸಿರು. ಈ ಸುಸ್ತು ಮೈ ಬಂದಿದ್ದಕ್ಕೇ ಅಂತ ಅವ್ರೇ ತೀರ್ಮಾನ ಮಾಡ್ಕೊಂಡಿದ್ರು, ನಾವೂ ಹೂಂ ಅಂದ್ವಿ. ಅದು ತಪ್ಪು ಅಂತ ಆಮೇಲೆ ಗೊತ್ತಾಯ್ತು.

ಮೂರು ತಿಂಗಳಿಗೆ 6,500, ಜೊತೆಗೆ ಒಂದು ಡಬ್ಬಿ ಪೌಡರ್ 2,800, ಅದು ಕಂಪಲ್ಸರಿ ಅಂತೆ. ಎರಡು ಪೇಜ್ ಫಾರ್ಮ್ ತುಂಬಿಸ್ಕೊಂಡ್ರು, ಎರಡನೇ ಪೇಜ್ ಪೂರ್ತಿ ಇಂಗ್ಲಿಷು, ಇರುವೆ ಸೈಜಿನ ಅಕ್ಷರ, ಸೈನ್ ಮಾಡಿದ್ರು. ಮೊದಲನೇ ದಿನ ಟ್ರೇನರ್ ಹುಡುಗ ಫೋಟೋ ತೆಗೆದ. "ಸೈಡಿಗೆ ನಿಲ್ರಿ ಮೇಡಂ, ಉಸಿರು ಪೂರ್ತಿ ಬಿಡ್ರಿ, ಹೊಟ್ಟಿ ಫ್ರೀ ಬಿಡ್ರಿ, ನಗಬ್ಯಾಡ್ರಿ." ಮುಂದೆ ನಿಮಗೇ ನಿಮ್ಮ ಪ್ರೋಗ್ರೆಸ್ ನೋಡಾಕೆ ಇರ್ಲಿ ಅಂತ ಆ ಫೋಟೋನ ಅತ್ತಿಗೆ ಫೋನಿಗೂ ಕಳಿಸಿದ. ಅವತ್ತು ಅತ್ತಿಗೆ ಹಾಕ್ಕೊಂಡಿದ್ದು ಗಿಳಿ ಹಸಿರು ಟಾಪ್, ಕೊರಳ ಸುತ್ತ ಸಂಡೂರಿನ ಲಂಬಾಣಿ ಕಸೂತಿ, ಕನ್ನಡಿ ಚೂರು ಇಟ್ಟು ಹೊಲಿದಿದ್ದು. ತಮ್ಮನ ಮದುವೆಗೆ ಹೋದಾಗ ಆಸೆಪಟ್ಟು ತಂದಿದ್ದು. ಇಡೀ ಓಣೀಲಿ ಅಂಥದ್ದು ಇನ್ನೊಂದಿಲ್ಲ.

21 ದಿನದ ಡಯಟ್ ಚಾರ್ಟ್ ಫ್ರಿಜ್ಜಿಗೆ ಅಂಟಿಸಿದ್ರು. ಬೆಳಗ್ಗೆ ಬಿಸಿನೀರು ನಿಂಬೆ, ಆಮೇಲೆ ಪೌಡರು, ಮಧ್ಯಾಹ್ನ ಸೌತೆಕಾಯಿ ಮತ್ತು ಒಂದು ಬಟ್ಟಲು ಬೇಳೆಕಟ್ಟು, ರಾತ್ರಿ ಸೂಪು. ಜೋಳದ ರೊಟ್ಟಿ ಬಂದ್. ಮನೆಯೋರಿಗೆಲ್ಲಾ ರೊಟ್ಟಿ ಬಡಿದು, ಪುಂಡಿಪಲ್ಯ, ಶೇಂಗಾ ಚಟ್ನಿ ಬಡಿಸಿ ತಾವು ಸೌತೆಕಾಯಿ ಕೊರೀತಾ ಕೂತ್ಕೊಳ್ಳೋದು. ಭಾನುವಾರ ಅಣ್ಣ ಒಗ್ಗರಣಿ ಮಿರ್ಚಿ ಕಟ್ಟಿಸ್ಕೊಂಡು ಬಂದ್ರೆ ಎದ್ದು ಮಾಳಿಗೆಗೆ ಹೋಗಿಬಿಡೋರು, ವಾಸನೆ ತಡೆಯಾಕಾಗ್ದೆ.

ಮೊದಲನೇ ವಾರ ಎರಡೂವರೆ ಕೇಜಿ ಇಳೀತು. ಜಿಮ್ಮಲ್ಲಿ ಚಪ್ಪಾಳೆ ತಟ್ಟಿದ್ರು. ಎಲ್ಲಾ ಕ್ರ್ಯಾಶ್ ಡಯಟ್ಟಲ್ಲೂ ಹೀಗೇ ಆಗ್ತದೆ, ಅದಕ್ಕೇ ಇವ್ರು ಅಷ್ಟು ಧೈರ್ಯವಾಗಿ ಗ್ಯಾರಂಟಿ ಅಂತ ಬರೆಯೋದು. ನಮ್ಮ ಲಿವರು, ಮಾಂಸಖಂಡದಲ್ಲಿ ಗ್ಲೈಕೋಜನ್ ಅಂತ ಸಕ್ಕರೆ ದಾಸ್ತಾನು ಇರ್ತದೆ, ಒಂದೊಂದು ಗ್ರಾಂ ಜೊತೆ ಹತ್ತತ್ರ ಮೂರು ಗ್ರಾಂ ನೀರು ಹಿಡಿದಿಟ್ಕೊಂಡಿರ್ತದೆ, ಊಟ ನಿಲ್ಲಿಸಿದ ತಕ್ಷಣ ಆ ದಾಸ್ತಾನು ಖಾಲಿ, ನೀರೂ ಖಾಲಿ. ಅಂದ್ರೆ ಇಳಿದಿದ್ದರಲ್ಲಿ ಬಹುಪಾಲು ನೀರೇ, ಎರಡು ದಿನ ಸರಿಯಾಗಿ ಉಂಡ್ರೆ ವಾಪಸ್ ಬರ್ತದೆ. ಆದ್ರೆ ತಕ್ಕಡಿ ಮೇಲೆ ನಿಂತೋಳಿಗೆ ಮುಳ್ಳು ಎಡಕ್ಕೆ ಹೋಗಿದ್ದಷ್ಟೇ ಕಾಣೋದು. ಆಮೇಲೆ ಮುಳ್ಳು ನಿಂತುಬಿಡ್ತು. 21ನೇ ದಿನಕ್ಕೆ ಒಟ್ಟು ಮೂರೂವರೆ ಕೇಜಿ. ಟ್ರೇನರ್ ಅಂದಿದ್ದು, "ಕಮಿಟ್‌ಮೆಂಟ್ ಸಾಲಲ್ಲ ಮೇಡಂ."

ಇದನ್ನ ಸ್ವಲ್ಪ ನಿಂತು ನೋಡ್ಬೇಕು. ವಾರಕ್ಕೆ ಅರ್ಧದಿಂದ ಒಂದು ಕೇಜಿ ಇಳಿದ್ರೆ ಸಾಕು ಅಂತ ಡಾಕ್ಟ್ರುಗಳು ಹೇಳೋದು, ಇವ್ರು ಅದಕ್ಕಿಂತ ಜಾಸ್ತೀನೇ ಇಳಿಸಿದ್ರು. ಆದ್ರೂ ಫೇಲ್. ಯಾಕಂದ್ರೆ ಫ್ಲೆಕ್ಸಲ್ಲಿ 10 ಅಂತ ಬರೆದಿದೆ. ಮಿಕ್ಸಿ ಕೆಟ್ರೆ ಗ್ಯಾರಂಟಿ ಕಾರ್ಡ್ ಹಿಡ್ಕೊಂಡು ಅಂಗಡಿಗೆ ಹೋಗಿ ಜಗಳ ಆಡ್ತೀವಿ, ಇಲ್ಲಿ ಗ್ಯಾರಂಟಿ ಕೊಟ್ಟೋನೇ ಗಿರಾಕಿನ ಬೈಯ್ತಾನೆ, ಗಿರಾಕಿ ತಲೆ ತಗ್ಗಿಸಿ ಕೇಳ್ಕೊಂಡು ಬರ್ತಾಳೆ.

ಮನೇಲಿ ಏನೇನು ಬದಲಾಯ್ತು ಅಂತ ನಾನು ಆಗ ಗಮನಿಸಿರಲಿಲ್ಲ, ಈಗ ಹಿಂದೆ ತಿರುಗಿ ನೋಡಿದ್ರೆ ಒಂದೊಂದೇ ನೆನಪಾಗ್ತದೆ. ಸ್ಕೂಲ್ ಪೇರೆಂಟ್ಸ್ ಮೀಟಿಂಗಿಗೆ ಅಣ್ಣನ್ನೇ ಕಳಿಸಿದ್ರು. ಮನೇಲಿ ಇದ್ರೂ ದುಪಟ್ಟಾ, ಅದೂ ಬಳ್ಳಾರಿ ಮಾರ್ಚ್ ತಿಂಗಳಲ್ಲಿ. ನಿಂತಲ್ಲಿ ಕೂತಲ್ಲಿ ಟಾಪ್ ಜಗ್ಗಿ ಜಗ್ಗಿ ಹೊಟ್ಟೆ ಮೇಲೆ ಎಳ್ಕೊಳ್ಳೋದು. ಟ್ಯೂಷನ್ನಲ್ಲಿ ಬೋರ್ಡ್ ಕಡೆ ತಿರುಗಿ ಬರೀತಾ ಇದ್ದವ್ರು ಈಗ ಕೂತಲ್ಲೇ ನೋಟ್ಬುಕ್ಕಲ್ಲಿ ಹೇಳಿಕೊಡಾಕೆ ಶುರು ಮಾಡಿದ್ರು, ಹಿಂದಿಂದ ಮಕ್ಕಳು ನೋಡ್ತಾರೆ ಅಂತ. ಲೆಕ್ಕದಲ್ಲಿ ತಪ್ಪಾಗ್ತಿತ್ತು, ಇವ್ರ ಕೈಲಿ ತಪ್ಪಾಗಿದ್ದು ನಾನು ನೋಡಿದ್ದೇ ಇಲ್ಲ. ಮಗಳು ಊಟಕ್ಕೆ ಕೂತಾಗ ಅಮ್ಮನ ತಟ್ಟೆ ಲೆಕ್ಕ ಇಡೋಳು.

ಈ ಲೆಕ್ಕ ತಪ್ಪೋದರ ಬಗ್ಗೆ ಒಂದು ಸಂಶೋಧನೆ ಇದೆ, ಅದನ್ನ ಓದಿದಾಗ ನನಗೆ ಮೈ ಜುಂ ಅಂತು. ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೋಮಿ-ಆನ್ ರಾಬರ್ಟ್ಸ್ ಅಂತ ಇಬ್ರು ಅಮೆರಿಕದ ಮನಶ್ಶಾಸ್ತ್ರದವ್ರು 1997ರಲ್ಲಿ ಒಂದು ಮಾತು ಹೇಳಿದ್ರು: ಹೆಣ್ಮಕ್ಕಳು ತಮ್ಮ ಮೈಯನ್ನ ಒಳಗಿಂದ ಅನುಭವಿಸೋದು ಬಿಟ್ಟು ಹೊರಗೆ ನಿಂತು ಇನ್ನೊಬ್ಬರ ಕಣ್ಣಲ್ಲಿ ನೋಡ್ಕೊಳ್ಳಾಕೆ ಕಲೀತಾರೆ, ಹಗಲು ರಾತ್ರಿ ತಮ್ಮ ಮೇಲೇ ಕಾವಲು ಕೂತಿರ್ತಾರೆ ಅಂತ. ಮರುವರ್ಷ 1998ರಲ್ಲಿ ಅವ್ರು ಮತ್ತು ಜೊತೆಗಿನವ್ರು ಸೇರಿ ಕಾಲೇಜ್ ಹುಡುಗ ಹುಡುಗೀರಿಗೆ ಟ್ರಯಲ್ ರೂಮಲ್ಲಿ ಕನ್ನಡಿ ಮುಂದೆ ಕೆಲವ್ರಿಗೆ ಸ್ವೆಟರ್, ಕೆಲವ್ರಿಗೆ ಈಜುಡುಗೆ ಹಾಕ್ಕೊಳ್ಳಾಕೆ ಹೇಳಿ, ಅದನ್ನ ಹಾಕ್ಕೊಂಡಿರೋವಾಗ್ಲೇ ಗಣಿತದ ಟೆಸ್ಟ್ ಕೊಟ್ರು. ಈಜುಡುಗೆ ಹಾಕಿದ ಹುಡುಗೀರು ಸ್ವೆಟರ್ ಹಾಕಿದೋರಿಗಿಂತ ಕಮ್ಮಿ ಮಾರ್ಕ್ಸ್ ತಗೊಂಡ್ರು, ಹುಡುಗ್ರಿಗೆ ಆ ತೊಂದ್ರೆ ಆಗ್ಲಿಲ್ಲ. ಅರ್ಧ ತಲೆ ಮೈ ಕಾಯಾಕೆ ಹೋದ್ರೆ ಇನ್ನರ್ಧದಲ್ಲಿ ಎಷ್ಟು ಲೆಕ್ಕ ಮಾಡಾಕಾಗ್ತದೆ? ಅತ್ತಿಗೆ ನೋಟ್ಬುಕ್ ಹಿಡ್ಕೊಂಡು ಮುದುರಿ ಕೂತಿದ್ದು ನೆನಪಾಯ್ತು.

ಇನ್ನು ಮುಖ್ಯ ಘಟನೆ. ಯುಗಾದಿಗೆ ಹತ್ತು ದಿನ ಇರೋವಾಗ ಸಂಜೆ ಟ್ಯೂಷನ್ನಿಗೆ ಬಂದ ಎಂಟನೇ ಕ್ಲಾಸ್ ಹುಡುಗ ಒಬ್ಬ, ಪಾಪ ಅವನಿಗೆ ಕೆಟ್ಟ ಬುದ್ಧಿ ಏನಿಲ್ಲ, ಖುಷಿಯಿಂದಾನೇ ಹೇಳಿದ, "ಮಿಸ್, ಮೇನ್ ರೋಡ್ ಫ್ಲೆಕ್ಸಿನಾಗ ನೀವು ಅದೀರಿ!" ಉಳಿದ ಮಕ್ಕಳು ಕಿಸಕ್ ಅಂದ್ರು. ಅಂದ್ರೆ ಅವ್ರೆಲ್ಲಾ ಆಗ್ಲೇ ನೋಡಿ ಬಂದಿದ್ರು.

ನಾನು ಡ್ಯೂಟಿ ಮುಗಿಸಿ ಬರ್ತಾ ನೋಡಿದೆ. ಹಳೇ ಫ್ಲೆಕ್ಸ್ ತೆಗೆದು ಹೊಸದು ಹಾಕಿದ್ರು. ಎಡಗಡೆ "ಬಿಫೋರ್", ಬಲಗಡೆ "ಆಫ್ಟರ್". ಆಫ್ಟರಲ್ಲಿ ಅದೇ ಟೇಪ್ ಹುಡುಗಿ, ಅದೇ ಬಾಲು. ಬಿಫೋರಲ್ಲಿ ಗಿಳಿ ಹಸಿರು ಟಾಪು, ಕೊರಳ ಕನ್ನಡಿ ಚೂರು, ಗದ್ದದ ಮೇಲೆ ಕಟ್. ಆಫ್ಟರ್‌ಗೆ ಮುಖ ಇದೆ, ನಗು ಇದೆ, ಹಲ್ಲು ಲೆಕ್ಕ ಹಾಕಬಹುದು, ಬಿಫೋರ್‌ಗೆ ತಲೇನೇ ಇಲ್ಲ. ಬಣ್ಣ ಕೂಡ ಬೇರೆ, ಎಡಗಡೆ ಪೂರ್ತಿ ಮಂಕು ಮಾಡಿದ್ರು, ಕರೆಂಟ್ ಹೋದ ಮನೆ ತರ. ನಾವೆಲ್ಲಾ ಫೇರ್ ಅಂಡ್ ಲವ್ಲಿ ಜಾಹೀರಾತು ನೋಡಿ ಬೆಳೆದೋರು, ಅದರಲ್ಲಿ ಸಾಲಾಗಿ ಮುಖ ಜೋಡಿಸಿ ಕಪ್ಪಿಂದ ಬಿಳಿಗೆ ತರ್ತಿದ್ರಲ್ಲ, 2020ರಲ್ಲಿ ಹೆಸರೇನೋ ಗ್ಲೋ ಅಂಡ್ ಲವ್ಲಿ ಅಂತ ಬದಲಾಯ್ತು, ಆದ್ರೆ ಆ ಕಲಿಸಿದ ಪಾಠ ಹೋಗ್ಲಿಲ್ಲ. ಎಡಗಡೆ ಇರೋದು ಕೆಟ್ಟದ್ದು, ಬಲಗಡೆ ಹೋಗ್ಬೇಕು. ಮುಖದಿಂದ ಸೊಂಟಕ್ಕೆ ಇಳಿದಿದೆ ಅಷ್ಟೇ.

ಮರುದಿನ ನಾನು ಅಣ್ಣ ಇಬ್ರೂ ಹೋದ್ವಿ. ಓನರ್ ಆರಾಮಾಗಿ ಚಹಾ ತರಿಸಿದ. ಫಾರ್ಮ್ ತೆಗೆದು ಎರಡನೇ ಪೇಜ್ ತೋರಿಸಿದ, ಫೋಟೋ ಪ್ರಚಾರಕ್ಕೆ ಬಳಸಬಹುದು ಅಂತ ಒಂದು ಸಾಲು ಇತ್ತು, ನಿಜ. "ಮತ್ತೆ ಮುಖ ಎಲ್ಲೈತ್ರಿ? ಮುಖ ಇಲ್ಲಾಂದ್ಮ್ಯಾಲೆ ಅದು ಯಾರದಾದ್ರೂ ಆಗಬಹುದಲ್ರಿ" ಅಂದ.

ನಾನು ಕೇಳಿದೆ, "ಆಫ್ಟರ್ ಯಾರು?"

"ಅದು ರೆಫರೆನ್ಸ್ ಇಮೇಜ್ ಮೇಡಂ."

ಅಣ್ಣ ಜೋರು ಮಾಡಿದ, ಜಗಳ ಆಯ್ತು, ಹತ್ತು ಜನ ಸೇರಿದ್ರು, ಅಲ್ಲಿಗೆ ನಾನೇ ಅವನನ್ನ ಎಳ್ಕೊಂಡು ಬಂದೆ. ಯಾಕಂದ್ರೆ ಸೇರಿದ ಹತ್ತು ಜನಾನೂ ಫ್ಲೆಕ್ಸ್ ಕಡೆ ನೋಡಾಕತ್ತಿದ್ರು.

ರಾತ್ರಿ ಅತ್ತಿಗೆ ಫೋನಲ್ಲಿದ್ದ ಒರಿಜಿನಲ್ ಫೋಟೋ ನೋಡ್ತಾ ಕೂತಿದ್ದೆ. ಏನೋ ಸರಿ ಇಲ್ಲ ಅನ್ನಿಸ್ತಿತ್ತು, ಏನು ಅಂತ ಹೊಳೀತಿರಲಿಲ್ಲ. ಫ್ಲೆಕ್ಸಲ್ಲಿದ್ದೋರು ಅತ್ತಿಗೇನೇ, ಆದ್ರೆ ಅತ್ತಿಗೆ ಅಷ್ಟು ದಪ್ಪ ಇಲ್ಲ. ಅವ್ರ ಹಿಂದೆ ಸ್ಟ್ಯಾಂಡಲ್ಲಿ ಒಂದು ವೇಟ್ ಪ್ಲೇಟ್ ನೇತು ಹಾಕಿತ್ತು, ಕಪ್ಪು ರಬ್ಬರಿಂದು. ಫೋನಲ್ಲಿ ಅದು ರೂಪಾಯಿ ಬಿಲ್ಲೆ ತರ ಗುಂಡಗಿದೆ. ಫ್ಲೆಕ್ಸಲ್ಲಿ? ನನಗೆ ನೆನಪಿದ್ದ ಪ್ರಕಾರ ಅದು ಗುಂಡಗಿರಲಿಲ್ಲ.

ಬೆಳಗ್ಗೆ ಆರಕ್ಕೆ ಸ್ಕೂಟಿ ತಗೊಂಡು ಹೋದೆ. ಫ್ಲೆಕ್ಸ್ ಕೆಳಗೆ ಕಟ್ಟಿದ್ದು ಪುಣ್ಯ, ಸ್ಕೂಟಿ ಫುಟ್‌ಬೋರ್ಡ್ ಮೇಲೆ ಹತ್ತಿ ನಿಂತ್ರೆ ಕೈಗೆ ಸಿಗ್ತಿತ್ತು. ಕೊರಳಿಂದ ಟೇಪ್ ತೆಗೆದು ಹಿಡಿದೆ. ವೇಟ್ ಪ್ಲೇಟ್ ಅಡ್ಡಕ್ಕೆ 17 ಇಂಚು, ಉದ್ದಕ್ಕೆ 13 ಇಂಚು. ಮತ್ತೊಂದ್ಸಲ ಹಿಡಿದೆ, ಅಷ್ಟೇ. ಅಂದ್ರೆ ಗುಂಡಗಿರೋ ಪ್ಲೇಟು ಮಲಗಿದ ಮೊಟ್ಟೆ ಆಗಿದೆ, ಫೋಟೋನ ಅಡ್ಡಕ್ಕೆ ಮೂವತ್ತು ಪರ್ಸೆಂಟ್ ಎಳೆದಿದ್ದಾರೆ, ಪ್ಲೇಟ್ ಜೊತೆ ಅತ್ತಿಗೇನೂ ಎಳೆದುಕೊಂಡಿದ್ದಾರೆ. ಬಲಗಡೆ ಹೋಗಿ ಆ ಹುಡುಗಿ ಪಕ್ಕದ ಜಿಮ್ ಬಾಲ್ ಹಿಡಿದೆ: ಅಡ್ಡಕ್ಕೆ 22, ಉದ್ದಕ್ಕೆ 28. ಇದು ನಿಂತ ಮೊಟ್ಟೆ! ಆಕೆಯನ್ನ ಮೇಲಕ್ಕೆ ಎಳೆದಿದ್ದಾರೆ. ಅಂದ್ರೆ ಆ ಟೇಪ್ ಹುಡುಗಿ ಕೂಡ ನಿಜವಾಗ್ಲೂ ಅಷ್ಟು ಸಪೂರ ಇಲ್ಲ, ಆ ಸೊಂಟ ಆಕೆಗೂ ಇಲ್ಲ. ಭೂಮಿ ಮೇಲೆ ಯಾರಿಗೂ ಇಲ್ಲದ ಸೊಂಟ ನೋಡ್ಕೊಂಡು ನಮ್ಮತ್ತಿಗೆ ರೊಟ್ಟಿ ಬಿಟ್ಟಿದ್ರು.

ಎದುರು ಚಹಾ ಅಂಗಡಿಯವ್ರು ನೋಡ್ತಾ ನಿಂತಿದ್ರು. "ಏನ್ರೀ ಮೇಡಂ, ಪಾಲಿಕೆಯಿಂದ ಬಂದೀರೇನು? ಪರ್ಮಿಶನ್ ಇಲ್ಲೇನು ಅದಕ್ಕ?" ಅಂದ್ರು. ನಾನು ಹೌದು ಅನ್ಲಿಲ್ಲ, ಅಲ್ಲ ಅಂತಾನೂ ಅನ್ಲಿಲ್ಲ. ಟೇಪ್ ಸುತ್ತಿ, ಫೋಟೋ ತೆಗೆದು, ಸುಮ್ನೆ ನೋಟ್ಬುಕ್ಕಲ್ಲಿ ಬರ್ಕೊಂಡು ಬಂದೆ.

ಮಧ್ಯಾಹ್ನದೊಳಗೆ ಫ್ಲೆಕ್ಸ್ ಇಳಿದಿತ್ತು.

ಇದನ್ನ ನಾನು ಗೆಲುವು ಅಂತ ಎಲ್ಲರ ಹತ್ರ ಹೇಳ್ಕೊಂಡು ನಕ್ಕಿದ್ದೇನೋ ನಿಜ, ಆದ್ರೆ ಒಳಗೆ ಚುಚ್ಚತ್ತೆ. ಒಬ್ಬ ಹೆಂಗಸಿನ ಮೈಯನ್ನ ತಲೆ ಕತ್ತರಿಸಿ ರೋಡಿಗೆ ಕಟ್ಟಿದ್ದಕ್ಕೆ ಅದು ಇಳೀಲಿಲ್ಲ, ಪರ್ಮಿಶನ್ ಇರಲಿಲ್ಲ ಅನ್ನೋ ಭಯಕ್ಕೆ ಇಳೀತು. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಜಾಗ ವಿರೂಪ ಮಾಡೋದನ್ನ ತಡೆಯಾಕೆ 1981ರಿಂದಾನೇ ಕಾಯ್ದೆ ಇದೆ, ಗೋಡೆ, ಕಂಬ ವಿರೂಪ ಆಗಬಾರದು ಅಂತ. ಮನುಷ್ಯರನ್ನ ವಿರೂಪ ಮಾಡಿದ್ದಕ್ಕೆ ಯಾರಿಗೆ ಹೇಳೋದು ಅಂತ ನಾನು ಹುಡುಕಾಕೆ ಕೂತೆ.

ಹುಡುಕ್ತಾ ಲಂಡನ್ನಿನ ಒಂದು ಕೇಸ್ ಸಿಕ್ತು, ಓದಿದ್ರೆ ನಮ್ಮ ಮೇನ್ ರೋಡ್ ಕಥೆ ಓದಿದಂಗೇ ಆಯ್ತು. 2015ರಲ್ಲಿ ಪ್ರೋಟೀನ್ ವರ್ಲ್ಡ್ ಅನ್ನೋ ಪೌಡರ್ ಕಂಪನಿ ಅಲ್ಲಿನ ಮೆಟ್ರೋ ಸ್ಟೇಷನ್ನುಗಳಲ್ಲಿ ಹಳದಿ ಪೋಸ್ಟರ್ ಹಾಕ್ತು, ಬಿಕಿನಿ ಹುಡುಗಿ, ಪಕ್ಕದಲ್ಲಿ ಒಂದೇ ಪ್ರಶ್ನೆ, ಬೀಚಿಗೆ ಹೋಗಾಕೆ ನಿನ್ನ ಮೈ ರೆಡಿನಾ ಅಂತ. ಜಾಹೀರಾತು ನೋಡ್ಕೊಳ್ಳೋ ಅಲ್ಲಿನ ಸಂಸ್ಥೆಗೆ ಮುನ್ನೂರಕ್ಕೂ ಜಾಸ್ತಿ ದೂರು ಹೋದ್ವು, ಆನ್‌ಲೈನ್ ಸಹಿ ಸಂಗ್ರಹ ಸಾವಿರಗಟ್ಟಲೆ ಆಯ್ತು. ಕೊನೆಗೆ ಸಂಸ್ಥೆ ಹೇಳಿದ್ದೇನು? ಆ ಚಿತ್ರ, ಆ ಪ್ರಶ್ನೆ ಅವಮಾನಕಾರಿ ಅಲ್ಲ, ಅದರಲ್ಲಿ ತಪ್ಪಿಲ್ಲ. ಆದ್ರೆ ತೂಕ ಇಳಿಸೋ ಬಗ್ಗೆ ಮಾಡಿದ ಕ್ಲೇಮು ಸರಿ ಇಲ್ಲ, ಅದಕ್ಕೋಸ್ಕರ ಪೋಸ್ಟರ್ ಮತ್ತೆ ಹಾಕಂಗಿಲ್ಲ. ಅಲ್ಲೂ ಅಷ್ಟೇ ನೋಡ್ರಿ, ಇಳಿದಿದ್ದು ಬೇರೆ ಕಾರಣಕ್ಕೆ. ಮರುವರ್ಷ ಸಾದಿಕ್ ಖಾನ್ ಮೇಯರ್ ಆದ್ಮೇಲೆ, ತನಗೂ ಹದಿಹರೆಯದ ಹೆಣ್ಮಕ್ಕಳಿದ್ದಾರೆ ಅಂತ ಹೇಳಿ, ಮೈಯನ್ನ ಹೀಯಾಳಿಸೋ ಜಾಹೀರಾತು ನಗರದ ಸಾರಿಗೆಯಲ್ಲಿ ಬೇಡ ಅಂತ ನಿಲ್ಲಿಸಿದ. ಫ್ರಾನ್ಸಲ್ಲಿ 2017ರಿಂದ ಮಾಡೆಲ್ ಮೈಯನ್ನ ಕಂಪ್ಯೂಟರಲ್ಲಿ ತೆಳ್ಳಗೋ ದಪ್ಪಗೋ ಮಾಡಿದ್ರೆ ತಿದ್ದಿದ ಫೋಟೋ ಅಂತ ಬರೀಬೇಕು, ನಾರ್ವೇಲಿ 2022ರ ಜುಲೈಯಿಂದ ಇನ್‌ಫ್ಲುಯೆನ್ಸರುಗಳೂ ಲೇಬಲ್ ಹಾಕಬೇಕು. ನಮ್ಮ ಮಲಗಿದ ಮೊಟ್ಟೆ ನಿಂತ ಮೊಟ್ಟೆಗೂ ಅಲ್ಲಾಗಿದ್ರೆ ಒಂದು ಲೇಬಲ್ ಬರ್ತಿತ್ತೇನೋ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಸುಳ್ಳು ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ, 2022ರಲ್ಲಿ ಅದಕ್ಕೆ ಗೈಡ್‌ಲೈನ್ಸೂ ಬಂತು. ಒಬ್ಬಳ ಬಿಫೋರು ಇನ್ನೊಬ್ಬಳ ಆಫ್ಟರು ಅಂಟಿಸೋದು ಸುಳ್ಳು ಅಲ್ಲದೇ ಇನ್ನೇನು. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಲ್ಲಿ ಯಾವ್ಯಾವ ಕಾಯಿಲೆಗೆ ಮದ್ದು ಅಂತ ಜಾಹೀರಾತು ಕೊಡಬಾರದು ಅಂತ ಪಟ್ಟಿ ಇದೆ, ಅದರಲ್ಲಿ ಬೊಜ್ಜೂ ಇದೆ. ನಮ್ಮ 2,800 ರೂಪಾಯಿ ಡಬ್ಬಿ ಮುಂದೆ ಬೆಂಕಿ ಹತ್ತಿದ ಸೊಂಟದ ಚಿತ್ರ ಇದ್ರೆ, ಹಿಂದೆ ತಿರುಗಿಸಿದ್ರೆ ಔಷಧಿಯಾಗಿ ಬಳಸಾಕಲ್ಲ ಅಂತ ಸಣ್ಣಗೆ ಬರೆದಿರ್ತದೆ, ಹಂಗೆ ಬರೀಲೇಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ರೂಲ್ಸು. ಇನ್ನು ಜಾಹೀರಾತು ಕಂಪನಿಗಳೇ 1985ರಲ್ಲಿ ಮಾಡ್ಕೊಂಡ ಅಸ್ಕಿ ಅನ್ನೋ ಸಂಸ್ಥೆ, ಮೈಕಟ್ಟಿನ ಮೇಲೆ ಯಾರನ್ನೂ ಹೀಯಾಳಿಸಂಗಿಲ್ಲ ಅಂತ ಅದರ ನಿಯಮದಲ್ಲೇ ಇದೆ, 2022ರ ಜೂನಲ್ಲಿ ಹೆಂಗಸರನ್ನ ಹೆಂಗೆ ತೋರಿಸ್ಬೇಕು ಅಂತಾನೂ ಗೈಡ್‌ಲೈನ್ಸ್ ತಂದ್ರು, ದೂರು ಫ್ರೀ.

ನಾನು ದೂರು ಟೈಪ್ ಮಾಡಿ ರೆಡಿ ಇಟ್ಟೆ. ಜಾಹೀರಾತಿನ ಫೋಟೋ ಹಾಕ್ರಿ ಅಂತ ಕೇಳ್ತು. ಅತ್ತಿಗೆ ಫೋನ್ ಇಸ್ಕೊಂಡು ನೋಡಿ, "ಮತ್ತೆ ಅದನ್ನೇ ಇನ್ನಷ್ಟು ಮಂದಿಗೆ ಕಳಿಸ್ಬೇಕೇನು?" ಅಂದ್ರು. ಅಲ್ಲಿಗೆ ನಿಂತೋಯ್ತು. ಕಾನೂನು ಇಲ್ಲದೇ ಇರೋದು ಒಂದು ಕಷ್ಟ, ಇದ್ದೂ ಅದರ ಬಾಗಿಲಿಗೆ ಆ ಫೋಟೋ ಹಿಡ್ಕೊಂಡೇ ಹೋಗ್ಬೇಕಾಗಿರೋದು ಇನ್ನೊಂದು.

ಫ್ಲೆಕ್ಸ್ ಪ್ರಿಂಟ್ ಮಾಡೋ ಅಂಗಡಿಗೂ ಹೋಗಿದ್ದೆ, ಯಾರೋ ಕೇಡಿಗ ಕೂತು ಬೇಕಂತ ಎಳೆದಿರ್ತಾನೆ ಅಂತ ಕೋಪದಲ್ಲಿ. ಕೇಡಿಗನೂ ಇಲ್ಲ ಏನೂ ಇಲ್ಲ, ಇಪ್ಪತ್ತು ವರ್ಷದ ಹುಡುಗ, ನಿದ್ದೆಗಣ್ಣು. "ಬಾಕ್ಸಿಗೆ ಕೂರಲಿಲ್ಲಕ್ಕಾ, ತಲಿ ಕಟ್ ಮಾಡಿದ್ಮ್ಯಾಲೆ ಫೋಟೋ ಸಣ್ಣದಾತು, ಜಾಗ ಉಳೀತು, ಅದಕ್ಕ ಎಳೆದೆ. ಆ ಕಡಿ ಬಾಕ್ಸ್ ಉದ್ದ ಇತ್ತು, ಅದನ್ನ ಮ್ಯಾಲಕ್ಕ ಎಳೆದೆ." ಅಷ್ಟೇ. ಕಂಪ್ಯೂಟರಲ್ಲಿ "ಜಿಮ್ ಲೇಡಿ" ಅಂತ ಒಂದು ಫೋಲ್ಡರ್ ಇದೆ, ತೋರಿಸಿದ. ಅದೇ ಟೇಪ್ ಹುಡುಗಿ ಊರಲ್ಲಿ ಬೇರೆ ಕಡೆ ಯೋಗ ಕ್ಲಾಸಿಗೂ ನಗ್ತಾಳೆ, ಶುಗರ್ ಕಷಾಯಕ್ಕೂ ನಗ್ತಾಳೆ. ಆದ್ರೆ ಒಂದು ಗಮನಿಸ್ರಿ, ಹುಡುಗ ಸುಮ್ನೆ ಜಾಗ ತುಂಬಿಸಿದ್ದು ಅಂತಾನೇ ಇಟ್ಕೊಳ್ಳೋಣ. ಬಿಫೋರ್ ಅಡ್ಡ ಆಯ್ತು, ಆಫ್ಟರ್ ಉದ್ದ ಆಯ್ತು. ಉಲ್ಟಾ ಆಗಿದ್ದಿದ್ರೆ ಅಳತೆ ತಪ್ಪಿದೆ ಅಂತ ಆ ಹುಡುಗನ ಕಣ್ಣಿಗೇ ಬೀಳ್ತಿತ್ತು. ಹಿಂಗಾಗಿದ್ದಕ್ಕೆ ಅವನಿಗೂ, ಓನರಿಗೂ, ರೋಡಲ್ಲಿ ಹೋಗೋ ಯಾರಿಗೂ ತಪ್ಪು ಅನ್ನಿಸ್ಲಿಲ್ಲ.

ಮೈ ವಿಷಯಕ್ಕೆ ಬರೋಣ. ತಲೆಸುತ್ತು, ಕೂದಲು ಕಿತ್ತು ಬರೋದು, ಮುಟ್ಟು ಹದಿನೈದು ದಿನ ತಡ ಆದ್ಮೇಲೆ ಲೇಡಿ ಡಾಕ್ಟ್ರ ಹತ್ರ ಹೋದ್ರು. ಡಾಕ್ಟ್ರು ಮೊದಲು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ರು, ತೂಕ ಆಮೇಲೆ. ಹಿಮೋಗ್ಲೋಬಿನ್ 9.1. ಹೆಂಗಸರಿಗೆ 12 ಇರ್ಬೇಕು. ಆ ಏದುಸಿರು, ಸುಸ್ತಿಗೆಲ್ಲಾ ಕಾರಣ ರಕ್ತ ಕಮ್ಮಿ ಇದ್ದಿದ್ದು, ಅದರ ಮೇಲೆ ಈ ಉಪವಾಸ, ಸಾಲದ್ದಕ್ಕೆ ಪೌಡರಲ್ಲಿ ಗ್ರೀನ್ ಟೀ ಸಾರ, ಚಹಾದ ಸಾರ ಊಟದಲ್ಲಿರೋ ಕಬ್ಬಿಣ ಸರಿಯಾಗಿ ಮೈಗೆ ಹತ್ತಾಕೆ ಬಿಡಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ. ರಕ್ತ ಕಮ್ಮಿ ಐತಿ ಬನ್ರಿ ಅಂತ ಯಾವ ಮೇನ್ ರೋಡಲ್ಲೂ ಫ್ಲೆಕ್ಸ್ ನೋಡಿಲ್ಲ ನಾನು. ಅದು ಹೊರಗೆ ಕಾಣಲ್ವಲ್ಲ, ಬಿಫೋರ್ ಫೋಟೋದಲ್ಲಿ ಬರಲ್ಲ.

ಹಂಗಂತ ತೂಕದ ವಿಷಯ ಪೂರ್ತಿ ಸುಳ್ಳು ಅಂತ ಡಾಕ್ಟ್ರು ಹೇಳ್ಲಿಲ್ಲ, ಅದನ್ನೂ ಬರೀಬೇಕು. 64 ಕೇಜಿ ಇದ್ದಾಗ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 26 ಹತ್ತತ್ರ, ನಮ್ಮ ದೇಶದವ್ರಿಗೆ 23 ದಾಟಿದ್ರೇ ಹುಷಾರಾಗಿರಿ ಅಂತಾರೆ, ಸೊಂಟ 80 ಸೆಂಟಿಮೀಟರ್ ದಾಟಬಾರದು, ಅತ್ತಿಗೆದು 87. ಶುಗರು ಬಿಪಿ ಬರ್ದಂಗೆ ನೋಡ್ಕೊಳ್ಳಾಕೆ ನಡೀರಿ, ರಾತ್ರಿ ಅನ್ನ ಕಮ್ಮಿ ಮಾಡ್ರಿ, ರೊಟ್ಟಿ ತಿನ್ರಿ, ಸೊಪ್ಪು ಬೇಳೆ ತಿನ್ರಿ, ಕಬ್ಬಿಣದ ಮಾತ್ರೆ ತಗೊಳ್ರಿ ಅಂದ್ರು. ಇದನ್ನೇ ಫ್ಲೆಕ್ಸಲ್ಲಿ ಬರೆದ್ರೆ ಯಾರೂ 6,500 ಕೊಡಲ್ಲ.

ಒಂದು ದಿನ ಸಂಜೆ ನಾನು ಹೋದಾಗ ಅತ್ತಿಗೆ ಎದ್ದು ನಿಂತು ಬೋರ್ಡ್ ಮೇಲೆ ಬರೀತಾ ಇದ್ರು. ಒಂದು ಕೇಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲರಿ. 10 ಕೇಜಿಗೆ 77,000. ಭಾಗಿಸು 21: ದಿನಕ್ಕೆ 3,666. ನಮ್ಮಂಥ ಹೆಂಗಸು ಇಡೀ ದಿನ ಮನೆಗೆಲಸ ಮಾಡಿ ಕರಗಿಸೋದೇ ಹೆಚ್ಚೂಕಮ್ಮಿ 1,900. ಹಾಗಾದ್ರೆ 21 ದಿನ ನೀರು ಬಿಟ್ಟು ಏನೂ ಬಾಯಿಗೆ ಹಾಕ್ಕೊಳ್ದೆ ಇದ್ರೆ ಎಷ್ಟು ಕೇಜಿ ಕೊಬ್ಬು ಕರಗ್ತದೆ, ಮಕ್ಕಳೇ? ಆ ಎಂಟನೇ ಕ್ಲಾಸ್ ಹುಡುಗಾನೇ ಮೊದಲು ಕೈ ಎತ್ತಿದ: "ಐದು ಪಾಯಿಂಟ್ ಎರಡು ಮಿಸ್!" ಸತ್ತೇ ಹೋದ್ರೂ ಹತ್ತು ಕೇಜಿ ಕೊಬ್ಬು ಕರಗಲ್ಲ. "ಇಷ್ಟು ಸಣ್ಣ ಲೆಕ್ಕ, ಸೇರೋ ಮುಂಚೆ ಯಾಕ ಮಾಡ್ಲಿಲ್ಲ ನಾನು" ಅಂತ ಆಮೇಲೆ ನನ್ನ ಹತ್ರ ಅಂದ್ರು. ಆವಾಗ ತಲೆ ಅಲ್ಲಿರಲಿಲ್ಲ ಅತ್ತಿಗೆ, ಓನರ್ ಮೊದಲೇ ಕಟ್ ಮಾಡಿದ್ದ ಅಂದೆ. ನಕ್ಕರು, ಆದ್ರೆ ಪೂರ್ತಿ ನಗ್ಲಿಲ್ಲ.

ನಾವೂ ಸಾಚಾ ಏನಲ್ಲ. ಲೇಡೀಸ್ ಜೀನ್ಸಿಗೆ ಸೊಂಟದ ಲೇಬಲ್ 30 ಅಂತ ಹೊಡೀತೀವಿ, ಟೇಪ್ ಹಿಡಿದ್ರೆ 32 ಬರ್ತದೆ, ಬೇಕಂತಾನೇ ಹಾಗೆ ಕಟಿಂಗ್ ಮಾಡ್ಸೋದು, 30 ಹಿಡಿಸ್ತು ಅಂದ್ರೆ ಗಿರಾಕಿ ಖುಷಿಯಾಗಿ ತಗೋತಾಳೆ ಅಂತ ಪಾರ್ಟಿಗಳೇ ಹೇಳ್ತಾರೆ. 38ರ ಪ್ಯಾಂಟಿಗೂ ನೇತು ಹಾಕೋ ಟ್ಯಾಗಲ್ಲಿ ಚಿತ್ರ ಮಾತ್ರ 26ರ ಹುಡುಗೀದು. ಇಷ್ಟು ವರ್ಷ ಕೈಲಿ ಹಿಡಿದು ಪಾಸ್ ಮಾಡಿದೀನಿ, ಒಂದಿನಾನೂ ಏನೂ ಅನ್ನಿಸಿರಲಿಲ್ಲ. ಈಗ ಅನ್ನಿಸ್ತದೆ, ಆದ್ರೂ ಪಾಸ್ ಮಾಡ್ತೀನಿ, ಕೆಲಸ ಅದು.

ಈಗಿನ ಸ್ಥಿತಿ: ಹಿಮೋಗ್ಲೋಬಿನ್ 11.3, ತೂಕ 63, ಜಿಮ್ಮಲ್ಲಿ ಇಳಿದಿದ್ದು ಬಹುತೇಕ ವಾಪಸ್ ಬಂತು. ಬೆಳಗ್ಗೆ ಬಿಸಿಲು ಏರೋ ಮುಂಚೆ ಓಣಿಯ ಇನ್ನೂ ಮೂವರು ಹೆಂಗಸರ ಜೊತೆ ಕೋಟೆ ಗುಡ್ಡದ ಕಡೆ ನಡೆದು ಬರ್ತಾರೆ, ದುಪಟ್ಟಾ ಒಂದೊಂದಿನ ಇರ್ತದೆ ಒಂದೊಂದಿನ ಇರಲ್ಲ. ಗಿಳಿ ಹಸಿರು ಟಾಪ್ ಇನ್ನೂ ಬೀರುವಿನಲ್ಲೇ ಇದೆ, ಹಾಕ್ಕೊಂಡಿಲ್ಲ. ಅಣ್ಣ ಲಾರಿ ಜೋಕ್ ನಿಲ್ಲಿಸಿದಾನೆ, ಮರೆತು ಒಂದ್ಸಲ ಅರ್ಧ ಅಂದು ನಾಲಿಗೆ ಕಚ್ಚಿಕೊಂಡ.

ಇಳಿಸಿದ ಫ್ಲೆಕ್ಸನ್ನ ಅತ್ತಿಗೇನೇ ಹೋಗಿ ಕೇಳಿ ಇಸ್ಕೊಂಡು ಬಂದ್ರು, ಅವನ ಹತ್ರ ಇರೋದು ಬೇಡ ಅಂತ. ಸುಡೋಣ ಅಂದೆ, "ಇಷ್ಟು ದೊಡ್ಡ ಫ್ಲೆಕ್ಸ್ ಸುಡ್ತಾರೇನು, ಹುಚ್ಚಿ" ಅಂದ್ರು. ಮಾಳಿಗೆ ಮೇಲೆ ಬಿಳೀ ಬದಿ ಮೇಲೆ ಮಾಡಿ ಹಾಸಿ, ಮೇಲೊಂದು ಹಳೇ ಸೀರೆ ಹಾಕಿ ಸಂಡಿಗೆ ಇಟ್ಟಿದ್ವಿ. ಜಿಮ್ಮಿನಿಂದ ಉಳಿದ ಎರಡು ತಿಂಗಳ ಫೀಸು 4,300 ಬರ್ಬೇಕು. ಕೇಳಿದಾಗೆಲ್ಲಾ ಶ್ರಾವಣ ಮುಗೀಲಿ ಮೇಡಂ ಅಂತಾನೆ.